ಹೇಳದೆ ಕೇಳದೆ ನಡೆಸುವ ಕಾರ್ಖಾನೆ

ಮೈಸೂರು ಜಿಲ್ಲೆಯ ಹದಿನಾರಿನಂಥ ಊರುಗಳಿಂದ ನಂಜನಗೂಡು, ತಾಂಡ್ಯ, ಕಡಕೊಳದ ಕಾರ್ಖಾನೆಗಳಿಗೆ ದುಡಿಯಲು ಹೋಗುವ ಹುಡುಗ ಹುಡುಗಿಯರನ್ನು ಕೇಳಿ ನೋಡಿ. ಸಂಬಳದಲ್ಲಿ ದುಡ್ಡು ಮುರಿದಿದ್ದರೆ ಏಕೆಂದು ಕೇಳಲು ಅವರಿಗೆ ಜಾಗವಿಲ್ಲ. ಸೂಪರ್‌ವೈಸರ್ ‘ಎಚ್‌ಆರ್ ಹತ್ರ ಹೋಗು’ ಅನ್ನುತ್ತಾನೆ. ಎಚ್‌ಆರ್ ಕಡೆಯವರು ‘ಸಿಸ್ಟಮ್ಮಲ್ಲಿ ಹಂಗೇ ಬಂದದೆ’ ಅನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯಿತು.

ಮುಗಿಯುವುದಿಲ್ಲ ಎಂದು ಕೋಲಾರದ ನರಸಾಪುರ ತೋರಿಸಿತು. 2020ರ ಡಿಸೆಂಬರ್ 12ರ ಬೆಳಿಗ್ಗೆ, ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಘಟಕದ ಗಾಜುಗಳು ಕಾರ್ಮಿಕರ ಸಿಟ್ಟಿಗೆ ಪುಡಿಯಾದವು. ನೂರಕ್ಕೂ ಹೆಚ್ಚು ಕಾರ್ಮಿಕರ ಬಂಧನವಾಯಿತು. ಅದಕ್ಕೂ ಮೊದಲು ನಡೆದದ್ದೇನು? 5,000 ಇದ್ದ ಜನರನ್ನು ಸ್ವಲ್ಪ ಕಾಲದಲ್ಲೇ 10,500ಕ್ಕೆ ಏರಿಸಿದರು. 8 ಗಂಟೆಯ ಪಾಳಿ 12 ಗಂಟೆಯಾಯಿತು. ಹಾಜರಾತಿಯ ಯಂತ್ರ ಕೆಟ್ಟಿತು, ದುಡಿದ ಗಂಟೆ ಲೆಕ್ಕಕ್ಕೆ ಬರಲಿಲ್ಲ. ಓಟಿ ಲೆಕ್ಕವನ್ನು ಕಾರ್ಮಿಕರಿಗೆ ಬಿಡಿಸಿ ಹೇಳಿರಲಿಲ್ಲ. ಇದು ನನ್ನ ಆರೋಪವಲ್ಲ, ಕಾರ್ಖಾನೆಗಳ ಇಲಾಖೆಯ ತನಿಖೆಯಲ್ಲಿ ಕಂಡದ್ದು. ವಾರ ಕಳೆದ ಮೇಲೆ ಕಂಪನಿ ಕ್ಷಮೆ ಕೇಳಿ ಉಪಾಧ್ಯಕ್ಷರೊಬ್ಬರನ್ನು ತೆಗೆಯಿತು. ಆಪಲ್ ಹೊಸ ಆರ್ಡರು ನಿಲ್ಲಿಸಿತು. ಆ ಕ್ಷಮೆಯ ಮಾತು ಗಾಜು ಒಡೆಯುವ ಮೊದಲೇ ಪಾಳಿಯ ನಡುವೆ ಬಂದು ಯಾರಾದರೂ ಆಡಿದ್ದರೆ, ಅಷ್ಟು ಮನೆಯ ಮಕ್ಕಳು ಲಾಕಪ್ಪು ಕಾಣುತ್ತಿರಲಿಲ್ಲ.

ಅದೇ ವರ್ಷದ ಜೂನ್‌ನಲ್ಲಿ, ನಮಗಿನ್ನೂ ಹತ್ತಿರದ ಶ್ರೀರಂಗಪಟ್ಟಣದಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ನ ಗಾರ್ಮೆಂಟ್ಸ್ ಘಟಕದಿಂದ, ಕಾರ್ಮಿಕರಿಗೆ ಹೇಳದೆ ಕೇಳದೆ, ಯಂತ್ರಗಳನ್ನು ಸಾಗಿಸತೊಡಗಿದರು. 1,200ಕ್ಕೂ ಹೆಚ್ಚು ಜನರ ಅನ್ನದ ಪ್ರಶ್ನೆ, ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಅವರು ಕೊರೊನಾ ಕಾಲದಲ್ಲಿ ವಾರಗಟ್ಟಲೆ ಧರಣಿ ಕೂರಬೇಕಾಯಿತು.

ಮ್ಯಾನೇಜರ್ ಸಾಹೇಬರೇ, ನಿಮಗೆ ಮಾತು ಬರುವುದಿಲ್ಲ ಎಂದು ನಾನು ನಂಬುವುದಿಲ್ಲ. ಬೈಯರ್ ಬಂದ ದಿನ ಎಷ್ಟು ವಿನಯದಿಂದ ಮಾತಾಡುತ್ತೀರಿ! ಕಾರ್ಮಿಕಳನ್ನು ಮಾತ್ರ ‘ಏಯ್’ ಎಂದು ಕೂಗುತ್ತೀರಿ. ಜಾತಿಯ ಊರಿನಲ್ಲಿ ಕೇರಿಯವರನ್ನು ಕೂಗುತ್ತಿದ್ದ ದನಿಯೇ ಅದು, ಶರ್ಟು ಇನ್ ಮಾಡಿಕೊಂಡು ಬಂದಿದೆ ಅಷ್ಟೆ.

ದೂರು ಕೇಳುವುದು ಈ ನೆಲಕ್ಕೆ ಹೊಸದಲ್ಲ. ಮೈಸೂರು ಅರಸರ ಐತಿಹ್ಯ ಶುರುವಾಗುವುದೇ ಹದಿನಾರಿನಿಂದ. 1399ರಲ್ಲಿ ಎಲ್ಲಿಂದಲೋ ಬಂದ ಯದುರಾಯ ಮತ್ತವನ ತಮ್ಮ ಇಲ್ಲಿನ ಪಾಳೆಯಗಾರ ಮನೆತನದ ತಾಯಿ ಮಗಳ ಸಂಕಟ ಕೇಳಿ ನೆರವಿಗೆ ನಿಂತರಂತೆ. ಅರಸರನ್ನು ಹೊಗಳುವುದು ನನ್ನ ಕೆಲಸವಲ್ಲ. ಆದರೆ ರಾಜ್ಯ ಕಟ್ಟಿದವರ ಕಥೆಗೂ ಮೊದಲು ಒಂದು ದೂರು ಕೇಳಿಸಿಕೊಳ್ಳುವ ಕಿವಿ ಬೇಕಾಯಿತು.

ಕೇಳಿದರಷ್ಟೇ ಸಾಲದು, ತಿಳಿಯುವಂತೆ ಹೇಳಲೂ ಬೇಕು. 1948ರ ಕಾರ್ಖಾನೆ ಕಾಯ್ದೆಯೇ ನೋಟಿಸು ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕು ಎಂದಿತ್ತು. ಸಂಬಳದ ಚೀಟಿ ಕನ್ನಡದಲ್ಲಿ ಕೊಡಿ. ಪಾಳಿ ಬದಲಿಸುವ ಮುಂಚೆ ಕೂರಿಸಿಕೊಂಡು ಹೇಳಿ. ಎದ್ದುನಿಂತು ಪ್ರಶ್ನೆ ಕೇಳಿದವಳನ್ನು ಮಾರನೇ ದಿನ ಗೇಟಿನಲ್ಲಿ ತಡೆಯಬೇಡಿ.