ಮಗ ಅಮೆರಿಕದಲ್ಲಿ, ಅವ್ವ ಬಸ್ ಸ್ಟಾಪಿನಲ್ಲಿ

ಗೆಜ್ಜಲಗೆರೆಯಲ್ಲಿ ಬೆಳಿಗ್ಗೆ ಆರು ಗಂಟೆ, ಡೇರಿಗೆ ಹಾಲು ಹಾಕುವ ಹೊತ್ತು. ಬೇಸಿಗೆಯಲ್ಲಾದರೆ ಕ್ಯಾಲಿಫೋರ್ನಿಯಾದಲ್ಲಿ ಆಗ ಹಿಂದಿನ ದಿನದ ಸಂಜೆ ಐದೂವರೆ. ಕಂಪ್ಯೂಟರ್ ಕೆಲಸ ಮುಗಿಸಿದ ಹುಡುಗ ಫೋನ್ ಮಾಡುತ್ತಾನೆ: "ಅವ್ವಾ, ಕಾಲುನೋವು ಹೆಂಗದೆ? ಆಸ್ಪತ್ರೆಗೆ ಹೋದ್ಯಾ?"

"ಬಸ್ಸು ನಿಂತ್ರೆ ತಾನೆ ಮಗಾ!"

ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಪ್ರಧಾನಿ ಮೋದಿ ಉದ್ಘಾಟಿಸಿದ್ದು ಇದೇ ಗೆಜ್ಜಲಗೆರೆಯಲ್ಲಿ. ರಜೆಗೆ ಬರುವ ಮಗನ ಕಾರಿಗೆ ಅದು ವರವೇ ಸರಿ. ಆದರೆ ಆರು ಪಥದ ಮೇಲೆ ಓಡುವ ಬಸ್ಸು ಇಲ್ಲಿ ನಿಲ್ಲೋದಿಲ್ಲ. ಬೈಕು, ಆಟೋಗಳಿಗೂ 2023ರ ಆಗಸ್ಟ್ 1ರಿಂದ ಅಲ್ಲಿ ಪ್ರವೇಶವಿಲ್ಲ. ಉಳಿದದ್ದು ಸರ್ವಿಸ್ ರಸ್ತೆ. ಅಲ್ಲಿ ಕಾದು ನಿಲ್ಲೋರು ಅವ್ವ-ಅಪ್ಪಂದಿರು, ನೊಣ ಹೊಡೆಯೋರು ಅಂಗಡಿಯವರು.

ಮಗ ಡಾಲರ್ ಕಳಿಸಬಲ್ಲ, ಬಸ್ ಕಳಿಸಲಾರ. ಅದು ಸಾರಿಗೆಯವರ ಕೆಲಸ. ಬೆಳಿಗ್ಗೆ, ಸಂಜೆಯಾದರೂ ಸರ್ವಿಸ್ ರಸ್ತೆಯಲ್ಲಿ ಹೆಚ್ಚು ಬಸ್ ಬಿಡಲಿ. ಏನಂತೀರಿ ಸ್ವಾಮಿ?