ಕಡಲಾಳದ ಚಿಪ್ಪಿಗೂ ಸೂರ್ಯನ ಹಂಗು

ಆಳಸಮುದ್ರದ ಕಪ್ಪೆಚಿಪ್ಪುಗಳ ಬಗ್ಗೆ ಬರೆಯುವವರು ಒಂದು ಮಾತನ್ನು ಬಿಡದೆ ಹೇಳುತ್ತಾರೆ: ಅವು ಸೂರ್ಯನ ಹಂಗಿಲ್ಲದೆ ಬದುಕುತ್ತವೆ. ಕೇಳಲು ಚೆನ್ನಾಗಿದೆ, ಆದರೆ ಅರ್ಧ ಮಾತ್ರ ನಿಜ. ಈ ಅರ್ಧಸತ್ಯದಿಂದ ನಷ್ಟವೂ ಇದೆ ಎಂಬುದು ನನ್ನ ತಕರಾರು.

1977ರಲ್ಲಿ ಗಲಾಪಗೊಸ್ ದ್ವೀಪಗಳ ಹತ್ತಿರ, ಸುಮಾರು 2500 ಮೀಟರ್ ಆಳಕ್ಕೆ ‘ಆಲ್ವಿನ್’ ಎಂಬ ಪುಟ್ಟ ಜಲಾಂತರ್ನೌಕೆ ಇಳಿಯಿತು. ಬಂದಿದ್ದವರು ಭೂವಿಜ್ಞಾನಿಗಳು, ಹುಡುಕುತ್ತಿದ್ದದ್ದು ಬಿಸಿನೀರಿನ ಬುಗ್ಗೆಗಳನ್ನು. ಬುಗ್ಗೆಗಳ ಜೊತೆಗೆ ಕಂಡದ್ದು ಗೇಣುದ್ದದ ಬಿಳಿ ಚಿಪ್ಪುಗಳ ರಾಶಿ. ಅಲ್ಲಿಂದ ತಂದ ನೀರು ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು. ಸುಳಿವು ಆ ನಾತದಲ್ಲೇ ಇತ್ತು: ಹೈಡ್ರೋಜನ್ ಸಲ್ಫೈಡ್. ನಮಗದು ವಿಷ. ಈ ಚಿಪ್ಪು ತನ್ನ ಪಾದವನ್ನು ಬಿರುಕಿನೊಳಗೆ ಇಳಿಸಿ ಅದನ್ನು ಹೀರುತ್ತದೆ, ರಕ್ತದ ಒಂದು ಪ್ರೋಟೀನಿಗೆ ಅಂಟಿಸಿ ಕಿವಿರಿಗೆ ಸಾಗಿಸುತ್ತದೆ. ಕಿವಿರಿನ ಜೀವಕೋಶಗಳೊಳಗೆ ಬ್ಯಾಕ್ಟೀರಿಯಾಗಳಿವೆ. ಅವು ಸಲ್ಫೈಡನ್ನು ಆಮ್ಲಜನಕದೊಂದಿಗೆ ‘ಉರಿಸಿ’, ಬಂದ ಶಕ್ತಿಯಿಂದ ಆಹಾರ ಕಟ್ಟುತ್ತವೆ. ಮನೆಯಲ್ಲೇ ಅಡುಗೆಯವರಿರುವಾಗ ಚಿಪ್ಪಿನ ಕರುಳು ಸೊರಗಿ ಹೋಗಿದೆ. ಮೊಟ್ಟೆಯ ಜೊತೆಗೇ ಈ ಬ್ಯಾಕ್ಟೀರಿಯಾ ಮುಂದಿನ ಪೀಳಿಗೆಗೆ ದಾಟುತ್ತದೆ, ತವರಿಂದ ತಂದ ಹೆಪ್ಪಿನ ಹಾಗೆ.

ಉರಿಸಲು ಬೇಕಾದ ಆ ಆಮ್ಲಜನಕ ಎಲ್ಲಿಯದು? ಮೇಲಿನದು. ಬಿಸಿಲಿನಲ್ಲಿ ಗಿಡಗಳು, ಸಮುದ್ರದ ಪಾಚಿಗಳು ಮಾಡಿದ್ದು. ಧ್ರುವಗಳ ಬಳಿ ಮುಳುಗುವ ತಣ್ಣನೆಯ ನೀರು ಅದನ್ನು ಆಳಕ್ಕೆ ಹೊತ್ತು ತರುತ್ತದೆ. ಬೆಳಕು ತಲುಪದ ಜಾಗಕ್ಕೂ ಬೆಳಕಿನ ದುಡಿಮೆ ತಲುಪಿದೆ.

ಬಿಸಿ ಬುಗ್ಗೆ ಬಿಟ್ಟು ಮೀಥೇನ್ ಸೋರುವ ತಣ್ಣನೆಯ ಕೆಸರಿಗೆ ಬಂದರೆ ಈ ನಂಟು ಇನ್ನೂ ಗಟ್ಟಿ. ಇದಕ್ಕೆ ದೂರ ಹೋಗಬೇಕಿಲ್ಲ, ಬಂಗಾಳಕೊಲ್ಲಿಯ ಕೃಷ್ಣಾ-ಗೋದಾವರಿ ಜಲಾನಯನ ಸಾಕು. ಪುಣೆಯ ಮುಳಾ-ಮುಠಾ, ಹೈದರಾಬಾದಿನ ಮೂಸಿ, ನಮ್ಮ ತುಂಗಭದ್ರೆ ಎಲ್ಲವೂ ಕೃಷ್ಣೆಗೆ ಸೇರಿದವೇ. ನದಿಗಳು ತಂದ ಹೂಳು, ಸತ್ತ ಪಾಚಿ ಅಲ್ಲಿ ಹೂತು ಕೊಳೆತು ಮೀಥೇನ್ ಆಗುತ್ತದೆ. ಕೆಸರಿನ ಸೂಕ್ಷ್ಮಜೀವಿಗಳು ಆ ಮೀಥೇನನ್ನು ಸಮುದ್ರದ ನೀರಿನ ಸಲ್ಫೇಟ್ ಬಳಸಿ ತಿಂದು ಸಲ್ಫೈಡ್ ಬಿಡುತ್ತವೆ. ಅದೇ ಚಿಪ್ಪುಗಳ ಬಂಡವಾಳ. ಮೀಥೇನಿನ ದೊಡ್ಡ ಪಾಲು ನೀರಿಗೆ ಸೇರದಂತೆ ತಡೆಯುವವರೂ ಈ ಸೂಕ್ಷ್ಮಜೀವಿಗಳೇ.

ಇದೇ ಕ್ರಿಯೆಯಲ್ಲಿ ಸುಣ್ಣಕಲ್ಲು ಹುಟ್ಟಿ ಚಿಪ್ಪುಗಳ ಸುತ್ತ ಹೆಪ್ಪುಗಟ್ಟುತ್ತದೆ. ಅಮೆರಿಕದ ಕೊಲರಾಡೊ ಬಯಲಿನಲ್ಲಿ ‘ಟೀಪಿ ಬ್ಯೂಟ್ಸ್’ ಎಂಬ ದಿಬ್ಬಗಳಿವೆ. ಡೈನೋಸಾರ್ ಕಾಲದ ಸಮುದ್ರತಳದ ಸೋರಿಕೆಗಳು ಕಟ್ಟಿಹೋದ ಕಲ್ಲು ಅವು, ಒಳಗೆ ಚಿಪ್ಪುಗಳು ಕಿಕ್ಕಿರಿದಿವೆ. ಕಿವಿರು ಉಳಿದಿಲ್ಲ, ಬ್ಯಾಕ್ಟೀರಿಯಾ ಉಳಿದಿಲ್ಲ. ಆದರೆ ಮೀಥೇನಿನ ಇಂಗಾಲ ವಿಪರೀತ ಹಗುರ. ಕಲ್ಲು ಆ ಹಗುರತನವನ್ನು ಇಂದಿಗೂ ಇಟ್ಟುಕೊಂಡಿದೆ. ಮಡಕೆಯ ಮಸಿ ನೋಡಿ ಒಲೆಯಲ್ಲಿ ಏನುರಿದಿತ್ತು ಎಂದು ಹೇಳಿದಂತೆ.

ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರಿಗೆ ಕೃಷ್ಣಾ-ಗೋದಾವರಿಯ ಕೆಸರಿನ ಕೊಳವೆಯಲ್ಲೂ ಇಂಥದ್ದೇ ಸುಣ್ಣ, ಇಂಥದ್ದೇ ಚಿಪ್ಪುಗಳು ಸಿಕ್ಕಿವೆ. ಅಲ್ಲಿದ್ದ ಸೋರಿಕೆ ಎಂದೋ ನಿಂತು, ಕಾಲೋನಿಯೇ ಹೂತುಹೋಗಿತ್ತು. ಈಗಲೂ ಸೋರುತ್ತಿರುವ ತಾಣಗಳು ಅದೇ ಜಲಾನಯನದಲ್ಲಿ ಈಚೆಗೆ ಪತ್ತೆಯಾಗಿವೆ.

2006ರಲ್ಲಿ ಇಲ್ಲೇ ಕೊರೆದಾಗ ಮಂಜುಗಡ್ಡೆಯಂಥ ಗ್ಯಾಸ್ ಹೈಡ್ರೇಟ್ ಸಿಕ್ಕಿತು. ಅಂದಿನಿಂದ ಈ ಕಡಲತಳ ನಮಗೆ ಬರೀ ಇಂಧನದ ಲೆಕ್ಕ. ದೇಶಕ್ಕೆ ಇಂಧನ ಬೇಡ ಎಂದು ದೆಹಲಿಯ ಫ್ಲ್ಯಾಟಿನಲ್ಲಿ ಗೀಸರ್ ಹಾಕಿಕೊಂಡು ಕೂತ ನಾನು ಹೇಳಲಾರೆ. ಆದರೆ ಹೈಡ್ರೇಟ್ ತೆಗೆಯುವುದೆಂದರೆ ಕೆಳಗಿನ ಒತ್ತಡ ಇಳಿಸುವುದು. ಆಗ ಅನಿಲದ ದಾರಿ ಬದಲಾದರೆ ಸೋರಿಕೆ ನಿಲ್ಲಬಹುದು, ಅಥವಾ ಸೂಕ್ಷ್ಮಜೀವಿಗಳು ತಿಂದು ಮುಗಿಸಲಾರದಷ್ಟು ಹೆಚ್ಚಬಹುದು. ಸೂರ್ಯನೂ ಬೇಡದ ಯಾವುದೋ ಬೇರೆ ಲೋಕ ಎಂದುಕೊಂಡರೆ ಈ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ. ಅನಿಲ ಎಲ್ಲೆಲ್ಲಿದೆ ಎಂಬ ನಕ್ಷೆಯ ಪಕ್ಕದಲ್ಲೇ ಬದುಕಿರುವ ಚಿಪ್ಪುಗಳು ಎಲ್ಲೆಲ್ಲಿವೆ ಎಂಬ ನಕ್ಷೆಯೂ ಅಚ್ಚಾಗಬೇಕು, ಅದೂ ಕೊರೆಯುವ ಮುಂಚೆ.