ಓದದೆ ಅಳಿಸುವ ಚಾಳಿ

ನಮ್ಮ ಮನೆಗೆ ಸರಕಾರಿ ಕಾಗದವೊಂದು ಬಂದಿತೆಂದರೆ ತಂದೆಯವರ ಮುಖ ಬಾಡುತ್ತದೆ. ಅವರಿಗೆ ಓದು ಬಾರದು. ಒಳಗೇನಿದೆಯೆಂದು ತಿಳಿಯುವ ಮೊದಲೇ ಏನೋ ಕೇಡಾಯಿತೆಂದು ಭಾವಿಸುವರು. ಬಿ.ಎ. ತರಗತಿಯ ನಾವು ಇದಕ್ಕೆ ನಗಬಹುದು. ಆದರೆ ಗಣಕಯಂತ್ರದ ಕಪ್ಪು ತೆರೆಯ ಮೇಲೆ ಇಂಗ್ಲಿಷಿನ ಒಂದು ಸಾಲು ಮೂಡಿದೊಡನೆ ನಾವು ಮಾಡುವುದೇನು? ಓದದೆ ಅಳಿಸುತ್ತೇವೆ, ಯಂತ್ರವನ್ನು ಆರಿಸಿ ಮತ್ತೆ ಹಚ್ಚುತ್ತೇವೆ.

ನನ್ನದೇ ಪ್ರಸಂಗ ಹೇಳುತ್ತೇನೆ. ನಮ್ಮೂರ ಸೋಬಾನೆ ಪದಗಳಲ್ಲಿ ಯಾವ ಮಾತು ಎಷ್ಟು ಸಲ ಬರುತ್ತದೆಂದು ಎಣಿಸಲು ಏಳೆಂಟು ಸಾಲಿನ ಸ್ಕ್ರಿಪ್ಟೊಂದನ್ನು ಅಂಗಡಿಯೊಂದರ ವಿಂಡೋಸ್ ಯಂತ್ರದಲ್ಲಿ ಬರೆದು, ಕಾಲೇಜಿನ ಲಿನಕ್ಸ್ ಯಂತ್ರಕ್ಕೆ ತಂದೆ. (ಲಿನಕ್ಸ್, ಯುನಿಕ್ಸಿನ ಮನೆತನದ್ದು.) ಹೆಸರು ಒತ್ತಿದರೆ 'ಕಮಾಂಡ್ ನಾಟ್ ಫೌಂಡ್' ಎಂದಿತು. ಕಡತ ಕಣ್ಣೆದುರಿಗೇ ಇದೆ, ಇಲ್ಲವೆನ್ನುತ್ತದಲ್ಲ! ನಿಜವೇನೆಂದರೆ, ನಮ್ಮ ಆಜ್ಞೆಗಳನ್ನು ನಡೆಸುವ ಷೆಲ್ಲು 'ಪಾತ್' ಎಂಬ ಪಟ್ಟಿಯಲ್ಲಿರುವ ಕೋಶಗಳಲ್ಲಿ ಮಾತ್ರ ಹುಡುಕುತ್ತದೆ. ನಾವು ಕುಳಿತಿರುವ ಕೋಶ ಸಾಮಾನ್ಯವಾಗಿ ಅದರಲ್ಲಿ ಇರುವುದಿಲ್ಲ. ಹೆಸರಿನ ಮುಂದೆ ಚುಕ್ಕಿಯನ್ನೂ ಓರೆಗೆರೆಯನ್ನೂ ಇಟ್ಟೆ. ಈಗ 'ಪರ್ಮಿಶನ್ ಡಿನೈಡ್'. ಇದು ಮುನ್ನಡೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಮೊದಲನೆಯದಕ್ಕೆ ಷೆಲ್ಲು ಇಡುವ ಸಂಖ್ಯೆ 127, ಎರಡನೆಯದಕ್ಕೆ 126; ಅಂದರೆ ಕಡತ ಸಿಕ್ಕಿತು, ನಡೆಸಲು ಅಪ್ಪಣೆಯಿಲ್ಲ. 'ಸಿಎಚ್‌ಮಾಡ್' ಆಜ್ಞೆಯಿಂದ ಅಪ್ಪಣೆ ಕೊಟ್ಟೆ.

ಆಮೇಲೆ 'ಬ್ಯಾಡ್ ಇಂಟರ್‌ಪ್ರಿಟರ್'. ಗೆಳೆಯನೊಬ್ಬ "ಲಿನಕ್ಸನ್ನೇ ಕಿತ್ತು ಹೊಸದಾಗಿ ಹಾಕು ಮಾರಾಯ" ಎಂದ. ನಾನು ಸಾಲನ್ನು ಅಕ್ಷರ ಅಕ್ಷರವಾಗಿ ಓದಿದೆ. 'ಬ್ಯಾಷ್' ಎಂಬ ಷೆಲ್ಲಿನ ಹೆಸರಿನ ಬಾಲಕ್ಕೆ, ನಾನು ಬರೆಯದ '^ಎಮ್' ಎಂಬ ಗುರುತು ಅಂಟಿತ್ತು. ಟೈಪ್‌ರೈಟರ್ ಬಲ್ಲವರಿಗೆ ಇದು ಸುಲಭ. ಸಾಲು ಮುಗಿದಾಗ ಕ್ಯಾರೇಜನ್ನು ಮೊದಲಿಗೆ ತಳ್ಳುವುದು ಒಂದು ಕೆಲಸ. ಕಾಗದವನ್ನು ಮೇಲಕ್ಕೆ ಸರಿಸುವುದು ಇನ್ನೊಂದು. ಟೆಲಿಪ್ರಿಂಟರಿನಲ್ಲಿ ಎರಡಕ್ಕೂ ಬೇರೆ ಬೇರೆ ಸಂಕೇತ. ವಿಂಡೋಸ್ ಎರಡನ್ನೂ ಉಳಿಸಿಕೊಂಡಿತು. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಆರಂಭಿಸಿದ ಯುನಿಕ್ಸಿಗೆ ಎರಡನೆಯದೊಂದೇ ಸಾಕು. ಹೆಚ್ಚಿನ ಸಂಕೇತವನ್ನು ಅದು ಹೆಸರಿನ ಭಾಗವೆಂದೇ ತಿಳಿದು, ಇಲ್ಲದ ಬ್ಯಾಷನ್ನು ಹುಡುಕಿ ಸೋತಿತ್ತು. 'ಡಾಸ್‌ಟುಯುನಿಕ್ಸ್' ಎಂಬ ಸಣ್ಣ ತಂತ್ರಾಂಶ ಅದನ್ನು ಒರೆಸಿ ಹಾಕಿತು, ಎಣಿಕೆ ನಡೆಯಿತು.

ನಮ್ಮಲ್ಲಿ ಅನೇಕರು ಹೆದರುವುದು ಯಂತ್ರಕ್ಕಲ್ಲ, ಇಂಗ್ಲಿಷಿಗೆ. ಕನ್ನಡ ಮಾಧ್ಯಮದಿಂದ ಬಂದ ನಾನು ಇದನ್ನು ಒಪ್ಪಿಕೊಳ್ಳಲು ನಾಚುವುದಿಲ್ಲ. ಪ್ರಾಯೋಗಿಕ ಪುಸ್ತಕದಲ್ಲಿ ನಾವು ಸರಿಯಾದ ಫಲವನ್ನು ಮಾತ್ರ ಬರೆಯುತ್ತೇವೆ. ಬಂದ ತಪ್ಪಿನ ಸಾಲನ್ನೂ ಅದರ ಅರ್ಥವನ್ನೂ ಕನ್ನಡದಲ್ಲಿ ಬರೆಸಿ, ಅದಕ್ಕೂ ಒಂದೆರಡು ಅಂಕ ಕೊಡಬಾರದೇಕೆ? ಅಧ್ಯಾಪಕರು ಇದನ್ನು ಉದ್ಧಟತನವೆಂದು ಎಣಿಸದೆ ಬರುವ ವರ್ಷದಿಂದಲೇ ಯೋಚಿಸಬೇಕೆಂದು ಬೇಡುತ್ತೇನೆ. ಅಷ್ಟರಲ್ಲಿ ನಾನು ಇಲ್ಲಿ ಇರುವುದಿಲ್ಲ.